ಮಲ್ಪೆಯ ದೋಣಿ ಏರಿದ ಮುಕ್ತ ಪಠ್ಯಪುಸ್ತಕ

ಅಮೆರಿಕದ ಟೆಕ್ಸಾಸಿನಲ್ಲಿರುವ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ ಯೋಜನೆಯು 2016ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ‘ಯೂನಿವರ್ಸಿಟಿ ಫಿಸಿಕ್ಸ್’ ಪಠ್ಯವನ್ನು ಉಡುಪಿಯ ಪದವಿ ಕಾಲೇಜೊಂದರ ಮೊದಲ ಬಿಎಸ್ಸಿ ತರಗತಿಯಲ್ಲಿ ಎರಡು ಸೆಮಿಸ್ಟರ್ ಬಳಸಿದ್ದೇನೆ. ಅದು ಉಚಿತವಾಗಿ ಸಿಗುವುದಕ್ಕಿಂತ ಅದನ್ನು ತಿದ್ದಲು ಅನುಮತಿ ಇರುವುದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿತು. ಪುಸ್ತಕವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾಗಿರುವುದರಿಂದ, ಮೂಲವನ್ನು ಹೆಸರಿಸಿ, ಏನನ್ನು ಬದಲಿಸಿದೆವೆಂದು ತಿಳಿಸಿದರೆ, ಬೇಕಾದ ಅಧ್ಯಾಯವನ್ನಷ್ಟೇ ಬೇರ್ಪಡಿಸಿ, ಕನ್ನಡದ ಟಿಪ್ಪಣಿ ಸೇರಿಸಿ, ಪ್ರತಿ ತೆಗೆದು ಹಂಚಬಹುದು.

ಮೊದಲ ಸಂಪುಟದ ಸಾಪೇಕ್ಷ ವೇಗದ ಪಾಠದಲ್ಲಿ ಸೆಕೆಂಡಿಗೆ 4.5 ಮೀಟರ್ ವೇಗದ ದೋಣಿಯೊಂದು 3 ಮೀಟರ್ ವೇಗದಲ್ಲಿ ಹರಿಯುವ ನದಿಯನ್ನು ಅಡ್ಡಲಾಗಿ ದಾಟುವ ಲೆಕ್ಕವಿದೆ. ನಾನು ನದಿಯನ್ನು ತೆಗೆದು, ಅದರ ಹರಿವಿನ ಜಾಗದಲ್ಲಿ ತೆಂಕಕ್ಕೆ ಸಾಗುವ ಕಡಲ ಸೆಳೆತವನ್ನಿಟ್ಟು, ದೋಣಿಯನ್ನು ಮಲ್ಪೆಯಿಂದ ಪಡುವಣಕ್ಕೆ, ಸೇಂಟ್ ಮೇರೀಸ್ ದ್ವೀಪದ ಕಡೆಗೆ ತಿರುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಇಷ್ಟು ಸೆಳೆತ ಇದ್ದರೆ ನಮ್ಮಪ್ಪ ದೋಣಿ ಇಳಿಸುವುದೇ ಇಲ್ಲ” ಎಂದ. ಅವನ ಮಾತಿನಂತೆ ಸೆಳೆತವನ್ನು 0.5 ಮೀಟರಿಗೆ ಇಳಿಸಿ ಲೆಕ್ಕ ಮಾಡಿದಾಗ, ಮೂತಿಯನ್ನು ನೇರ ಪಡುವಣಕ್ಕೇ ಹಿಡಿದ ದೋಣಿ 6 ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 670 ಮೀಟರ್ ತೆಂಕಕ್ಕೆ ಸರಿದಿರುತ್ತದೆ ಎಂಬುದು ಕಪ್ಪುಹಲಗೆಯ ಮೇಲೆ ಬಂದಿತು. ಸದಿಶಗಳ, ಅಂದರೆ ದಿಕ್ಕೂ ಇರುವ ಪರಿಮಾಣಗಳ, ಸಂಕಲನವನ್ನು ಆ ತರಗತಿಗೆ ಮತ್ತೊಮ್ಮೆ ವಿವರಿಸುವ ಅಗತ್ಯ ಬೀಳಲಿಲ್ಲ.

ಪುಸ್ತಕದ ವಿವರಣೆ ನಿಧಾನವಾಗಿ, ತಿಳಿಯಾಗಿ ಸಾಗುತ್ತದೆ. ಆದರೆ ನಮ್ಮ ಪರೀಕ್ಷೆಗಳು ಕೇಳುವ ಸೂತ್ರಗಳ ಉದ್ದನೆಯ ನಿಷ್ಪತ್ತಿಗಳಿಗೆ (ಡಿರೈವೇಶನ್) ಗ್ರಂಥಾಲಯದಲ್ಲಿರುವ, ಬೆನ್ನು ಕಿತ್ತುಹೋದ ಹಳೆಯ ಪಠ್ಯಗಳೇ ಇಂದಿಗೂ ಹೆಚ್ಚು ನೆರವಾಗುತ್ತವೆ. ಎರಡನ್ನೂ ಜೊತೆಗಿಟ್ಟುಕೊಂಡೇ ಪಾಠ ಮಾಡಬೇಕು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಉಪನ್ಯಾಸಗಳನ್ನೂ ಸೂಚಿಸುತ್ತೇನೆ, ಆದರೆ ಒಂದು ಗಂಟೆಯ ವಿಡಿಯೊವನ್ನು ಬಸ್ಸಿನಲ್ಲಿ ಕುಳಿತು ಪೂರ್ತಿ ನೋಡುವವರು ಕಡಿಮೆ.

ಫೋನಿನ ಪರದೆಯಲ್ಲಿ ಪಿಡಿಎಫ್ ಓದುವುದು ಕಷ್ಟವೆಂದು ಮಕ್ಕಳು ಹೇಳಿದ್ದರಿಂದ ನಾಲ್ಕನೆಯ ಅಧ್ಯಾಯವನ್ನು ಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕಪ್ಪು-ಬಿಳುಪಿನಲ್ಲಿ ಮುದ್ರಿಸಿದೆ. ತಪ್ಪು ನನ್ನದೇ. ಚಿತ್ರಗಳಲ್ಲಿ ಬಣ್ಣದಿಂದಲೇ ಬೇರೆಯಾಗಿ ಕಾಣುತ್ತಿದ್ದ ಬಾಣಗಳೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿ, ಯಾವುದು ದೋಣಿಯ ವೇಗ, ಯಾವುದು ನೀರಿನದು ಎಂಬುದೇ ತಿಳಿಯದಾಯಿತು. ಕೊನೆಗೆ ಗ್ರಂಥಪಾಲಕರು ಅಗತ್ಯ ಅಧ್ಯಾಯಗಳ ಬಣ್ಣದ ಪ್ರತಿ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಹಳೆಯ ಪಠ್ಯಗಳ ಪಕ್ಕದಲ್ಲಿಯೇ ಪರಾಮರ್ಶನ ಕಪಾಟಿನಲ್ಲಿಟ್ಟರು. ದೇಶದ ಉನ್ನತ ಶಿಕ್ಷಣ ಸಂಸ್ಥೆಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯಡಿ ಇ-ಪುಸ್ತಕ, ನಿಯತಕಾಲಿಕೆಗಳನ್ನು ಓದಲು ನಮ್ಮ ಗ್ರಂಥಾಲಯದ ಮೂಲಕ ಸಿಗುವ ಪಾಸ್‌ವರ್ಡಿನ ವಿಷಯ ಬಹಳಷ್ಟು ಮಕ್ಕಳಿಗೆ ಗೊತ್ತಾದದ್ದು, ಈ ಪ್ರತಿಯನ್ನು ಹುಡುಕಿಕೊಂಡು ಅಲ್ಲಿಗೆ ಹೋದಾಗಲೇ.

ಬಲವಿಜ್ಞಾನ ಕಲಿಸುವವರಿಗೆ ಮೊದಲ ಸಂಪುಟವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ವಿದ್ಯುತ್ತು, ಕಾಂತತ್ವಗಳ ಎರಡನೆಯ ಸಂಪುಟದಿಂದ ಕೆಲವು ಚಿತ್ರಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಮೂರನೆಯದನ್ನು ಇನ್ನೂ ತರಗತಿಗೆ ಒಯ್ದಿಲ್ಲ.