ಸೆಗಾ ಬಿಟ್ಟು ಕೊಂಡ ಎಂಟು ಬಿಟ್ ಟಿವಿ ಗೇಮ್: 25 ವರ್ಷ ಬಳಸಿದ ಮೇಲೆ

ಹೋದ ವಾರ ಅಟ್ಟದಿಂದ ನಮ್ಮ ಹಳೇ ಟಿವಿ ಗೇಮ್ ಇಳಿಸಿದೆ. ಧೂಳು ಒರೆಸಿ, ಕ್ಯಾಸೆಟ್ ಹಾಕಿ, ಸ್ವಿಚ್ ಒತ್ತಿದೆ. ಮೊದಲ ಸಲ ಬರಲಿಲ್ಲ, ಎರಡನೇ ಸಲಕ್ಕೆ ಬಂತು. 1999ರ ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ 950 ರೂಪಾಯಿಗೆ ಕೊಂಡ ಸೆಟ್ ಇದು. ಅವತ್ತು ಅದೇ ಗಾಜಿನ ಕಪಾಟಿನಲ್ಲಿ ಇದರ ಪಕ್ಕ ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನೋ ಇನ್ನೊಂದು ಟಿವಿ ಗೇಮ್ ಇತ್ತು. ಅದನ್ನು ಬಿಟ್ಟು ಇದನ್ನು ತಂದೆವು. ಆ ಆಯ್ಕೆ ಸರಿ ಇತ್ತಾ ಅನ್ನೋದನ್ನ ಇಷ್ಟು ವರ್ಷ ಬಳಸಿದ ಮೇಲೆ ಧೈರ್ಯವಾಗಿ ಹೇಳಬಹುದು.

ನಮ್ಮದು ಗಂಗಾವತಿ. ಅಪ್ಪ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ವರ್ಷ ಬೇಸಿಗೆ ಭತ್ತ ಚೆನ್ನಾಗಿ ಬಂದು ಮಿಲ್ ಹಗಲೂ ರಾತ್ರಿ ಓಡಿತು, ಅಪ್ಪನ ಕೈಯಲ್ಲಿ ನಾಲ್ಕು ಕಾಸು ಜಾಸ್ತಿ ಉಳಿಯಿತು. ನಾನು ಏಳನೇ ಕ್ಲಾಸ್ ಮುಗಿಸಿದ್ದೆ, ತಮ್ಮ ನಾಲ್ಕನೇದು. ರಜೆಗೆ ಬಳ್ಳಾರಿಗೆ, ಸೋದರಮಾವನ ಮನೆಗೆ ಹೋಗಿದ್ದೆವು. ಮಾವನ ಮಗನ ಹತ್ತಿರ ಸೆಗಾ ಇತ್ತು. ಸೋನಿಕ್ ಅನ್ನೋ ನೀಲಿ ಮುಳ್ಳುಹಂದಿಯನ್ನು ನಾವು ಮೊದಲು ನೋಡಿದ್ದು ಅಲ್ಲೇ. ಅದು ಉಂಡೆಯಾಗಿ ಸುತ್ತಿಕೊಂಡು ಇಳಿಜಾರಿನಲ್ಲಿ ಉರುಳುತ್ತಿತ್ತು. ಗುಂಡನೆಯ ಹಾದಿಯಲ್ಲಿ ತಲೆಕೆಳಗಾಗಿ ಓಡಿ ಆ ಕಡೆ ಚಿಮ್ಮುತ್ತಿತ್ತು. ಬಂಗಾರದ ಉಂಗುರ ಸಿಕ್ಕಾಗಲೆಲ್ಲ ಟಿಣ್ ಅಂತ ಸದ್ದು. ತಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ಅಪ್ಪ ಬಂದರು. ರಾಯಲ್ ಸರ್ಕಲ್ ಹತ್ತಿರದ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಎರಡೂ ಸೆಟ್ ತೆಗೆದು ಮೇಜಿನ ಮೇಲಿಟ್ಟರು.

"ಇದು ಸೆಗಾ ರೀ. ಸೆಕೆಂಡ್ ಹ್ಯಾಂಡ್, 4,500. ಎರಡು ಕ್ಯಾಸೆಟ್ ಕೊಡ್ತೀನಿ. ಆಡೋ ರಿಮೋಟ್ ಒಂದೇ ಐತಿ. ಇದು ಹೊಸಾದು, 950. ಎರಡು ರಿಮೋಟ್, ಒಂದು ಗನ್, ಒಂದು ಕ್ಯಾಸೆಟ್."

"ಕೆಟ್ರ ಯಾರು ಮಾಡಿಕೊಡ್ತಾರ್ರೀ? ನಮ್ಮೂರಾಗ ಕ್ಯಾಸೆಟ್ ಸಿಗ್ತಾವೇನು?" ಅಪ್ಪನ ಪ್ರಶ್ನೆ ಇಷ್ಟೇ.

"ಗಂಗಾವತ್ಯಾಗ ಸೆಗಾ ಕ್ಯಾಸೆಟ್ ಸಿಗಂಗಿಲ್ರೀ. ಇಲ್ಲಿಗೇ ಬರಬೇಕು."

ಅಂಗಡಿಯವರು ಸುಳ್ಳು ಹೇಳಿ ದೊಡ್ಡ ವ್ಯಾಪಾರ ಮಾಡಬಹುದಿತ್ತು. ಮಾಡಲಿಲ್ಲ. ಅದಕ್ಕೆ ಇವತ್ತಿಗೂ ಅವರನ್ನು ನೆನೆಯುತ್ತೇನೆ. ಅಪ್ಪ ನನ್ನ ಕಡೆ ತಿರುಗಿ, "ನೀನ ಹೇಳವಾ, ಆಡೋರು ನೀವಿಬ್ರು" ಅಂದರು. 4,500 ಅಂದರೆ ಮನೆಗೆ ಎಷ್ಟು ದೊಡ್ಡ ಮಾತು ಅಂತ ನನಗೆ ಗೊತ್ತಿತ್ತು. ಆದರೆ ನಾನು ನೋಡಿದ್ದು ಬೆಲೆಯನ್ನಲ್ಲ. ಸೆಗಾ ಪಕ್ಕದಲ್ಲಿದ್ದ ಒಂದೇ ಒಂದು ರಿಮೋಟ್ ನೋಡಿದೆ. ಆಮೇಲೆ ತಮ್ಮನ ಮುಖ ನೋಡಿದೆ. "ಇದೇ ಇರಲಿ ಅಪ್ಪಾ" ಅಂತ ಎರಡು ರಿಮೋಟಿನ ಸೆಟ್ ತೋರಿಸಿದೆ. ಬಸ್ಸು ಕುರುಗೋಡು ದಾಟಿ ತುಂಗಭದ್ರೆಯ ಕಂಪ್ಲಿ ಸೇತುವೆ ಮೇಲೆ ಬರೋವರೆಗೂ ತಮ್ಮ ನನ್ನ ಜೊತೆ ಮಾತಾಡಲಿಲ್ಲ. ಡಬ್ಬ ಮಾತ್ರ ಅವನ ತೊಡೆ ಮೇಲೇ ಇತ್ತು.

ಯಂತ್ರದ ವಿಷಯಕ್ಕೆ ಬಂದರೆ, ಎರಡಕ್ಕೂ ಹೋಲಿಕೆ ಇಲ್ಲ. ನಮ್ಮ ಸೆಟ್ ಒಳಗಿದ್ದದ್ದು ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. 60 ಪಿನ್ನಿನ ಕ್ಯಾಸೆಟ್, ಎಂಟು ಬಿಟ್ ಪ್ರೊಸೆಸರ್, ವೇಗ ಸುಮಾರು 1.8 ಮೆಗಾಹರ್ಟ್ಸ್. ಪರದೆ ಮೇಲೆ ಒಂದು ಸಲಕ್ಕೆ 25 ಬಣ್ಣ. 1988ರ ಮೆಗಾ ಡ್ರೈವ್ ಹದಿನಾರು ಬಿಟ್‌ನದು. ಮೋಟೊರೋಲಾ 68000 ಚಿಪ್, ವೇಗ ಸುಮಾರು 7.6 ಮೆಗಾಹರ್ಟ್ಸ್, 512 ಬಣ್ಣಗಳಲ್ಲಿ 64 ಒಟ್ಟಿಗೆ ತೋರಿಸುತ್ತದೆ. ಕಾಗದದ ಮೇಲಷ್ಟೇ ಅಲ್ಲ, ಕಣ್ಣಿಗೂ ಇದು ಗೊತ್ತಾಗುತ್ತದೆ. ನಮ್ಮ ಸೆಟ್‌ನಲ್ಲಿ ಒಂದೇ ಸಾಲಿನಲ್ಲಿ ಶತ್ರುಗಳು ಜಾಸ್ತಿಯಾದರೆ ಚಿತ್ರ ಮಿಣುಕುತ್ತದೆ. ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಅದು ತೋರಿಸಲಾರದು. ಸದ್ದಿನಲ್ಲಂತೂ ಸೆಗಾ ಎಷ್ಟೋ ಮುಂದು.

ಆದರೆ ಹೊರಗಿನಿಂದ ನೋಡಿದರೆ ನಮ್ಮದೂ ಸೆಗಾ ತರಹವೇ ಇತ್ತು. ಕರಿ ಬಣ್ಣ, ಅದೇ ಆಕಾರ. ಆಗಿನ ನಕಲು ಸೆಟ್‌ಗಳಲ್ಲಿ ಎಷ್ಟೋ ಹೀಗೇ ಇದ್ದವು. ರಿಮೋಟಿನ ಒಂಬತ್ತು ಪಿನ್ನಿನ ಜ್ಯಾಕ್ ಕೂಡ ಅದೇ. ಮುಂದಿನ ರಜೆಗೆ ತಮ್ಮ ನಮ್ಮ ಸೆಟ್ ಚೀಲದಲ್ಲಿಟ್ಟುಕೊಂಡು ಬಳ್ಳಾರಿಗೆ ಹೊತ್ತ. ಮಾವನ ಮಗನ ಸೆಗಾ ರಿಮೋಟ್ ತೆಗೆದು ನಮ್ಮದಕ್ಕೆ ಚುಚ್ಚಿದ. ಸರಿಯಾಗಿ ಕೂತಿತು. ಒತ್ತಿದರೆ ಆಟದ ನಾಯಕ ಮಾರಿಯೋ ಅಲುಗಾಡಲಿಲ್ಲ. ಒಳಗಿನ ಸಂಪರ್ಕವೇ ಬೇರೆ ಅಂತ ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಕ್ಯಾಸೆಟ್ ಮೇಲೆ "9999999 ಇನ್ 1" ಅಂತಿತ್ತು. ನಾನೂ ತಮ್ಮನೂ ಒಂದು ಮಧ್ಯಾಹ್ನ ನೋಟ್‌ಬುಕ್ ಹಿಡಿದು ಎಣಿಸಿದೆವು. ಬೇರೆ ಬೇರೆ ಆಟ ಸಿಕ್ಕಿದ್ದು ಹದಿನೇಳು. ಉಳಿದದ್ದೆಲ್ಲ ಅದೇ ಆಟ, ಬೇರೆ ಹಂತದಿಂದ ಶುರು. ಇದು ಮೋಸವೇ, ಬೇರೆ ಹೆಸರಿಲ್ಲ. ಆದರೂ ನಮ್ಮ ಓಣಿಯಲ್ಲಿ ಆರು ಮನೆಗಳಲ್ಲಿ ಇಂಥದ್ದೇ ಸೆಟ್ ಇತ್ತು, ಆರೂ ಮನೆ ಕ್ಯಾಸೆಟ್ ಎಲ್ಲ ಮನೆಗೂ ಹೊಂದುತ್ತಿತ್ತು. ಎಸ್‌ಟಿಡಿ ಬೂತ್‌ನವರು ದಿನಕ್ಕೆ ಎರಡು ರೂಪಾಯಿಗೆ ಬಾಡಿಗೆಗೂ ಕೊಡುತ್ತಿದ್ದರು. ಯಾರ ಕ್ಯಾಸೆಟ್ ಯಾರ ಮನೆಯಲ್ಲಿದೆ ಅಂತ ಬರೆದಿಡೋ ಕೆಲಸ ನನ್ನದು. ಆ ಪುಸ್ತಕ ಈಗಲೂ ಇದೆ. ಎರಡು ವರ್ಷದಲ್ಲಿ ನಮ್ಮ ಮನೆಗೆ 61 ಕ್ಯಾಸೆಟ್ ಬಂದು ಹೋಗಿವೆ. ಸೆಗಾ ತಂದಿದ್ದರೆ ಎರಡೇ ಎರಡು.

ಕಾಂಟ್ರಾ ಆಟದ ಗುಟ್ಟೂ ಹಾಗೇ ಬಂತು. ಕಾರಟಗಿಯಿಂದ ಬಂದಿದ್ದ ಒಬ್ಬ ಹುಡುಗ ಬಸ್ ಟಿಕೆಟ್ ಹಿಂದೆ ಬಾಣದ ಗುರುತು ಹಾಕಿ ಕೊಟ್ಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹೆಸರು ಬರೋ ಪರದೆಯಲ್ಲಿ ಇದನ್ನು ಒತ್ತಿದರೆ ಮೂವತ್ತು ಜೀವ. ಜಪಾನಿನ ಕಜುಹಿಸಾ ಹಶಿಮೊಟೊ ಅನ್ನೋ ಪ್ರೋಗ್ರಾಮರ್ ಇದನ್ನು ಮೊದಲು ಹಾಕಿದ್ದು 1986ರಲ್ಲಿ, ಗ್ರೇಡಿಯಸ್ ಅನ್ನೋ ಬೇರೆ ಆಟಕ್ಕೆ. ಪರೀಕ್ಷೆ ಮಾಡುವಾಗ ಆ ಆಟ ಅವರಿಗೇ ಕಷ್ಟವಾಗುತ್ತಿತ್ತಂತೆ. ಅವರು 2020ರಲ್ಲಿ ತೀರಿಕೊಂಡ ಸುದ್ದಿ ಓದಿ ತಮ್ಮನಿಗೆ ಫೋನ್ ಮಾಡಿದೆ. ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದೆವು.

ಅತಿ ಹೆಚ್ಚು ಆಡಿದ್ದು ಟ್ಯಾಂಕ್ ಗೇಮ್. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯ 1985ರ ಆಟ. ಹಂತಕ್ಕೆ ಇಪ್ಪತ್ತು ಶತ್ರು ಟ್ಯಾಂಕ್. ಕೆಳಗೆ ಹದ್ದಿನ ಗುರುತು, ಅದನ್ನು ಕಾಯಬೇಕು. ಇಬ್ಬರೂ ಒಟ್ಟಿಗೆ ಆಡಬಹುದು, ಒಂದೇ ಕಡೆ ನಿಂತು. ಒಬ್ಬರು ಹದ್ದಿನ ಹತ್ತಿರ, ಇನ್ನೊಬ್ಬರು ಮೇಲೆ. ತಮ್ಮ ಯಾವಾಗಲೂ ಮೇಲೆ.

ಅದರಲ್ಲಿ ನಾವೇ ನಕ್ಷೆ ಕಟ್ಟುವ ಸೌಲಭ್ಯವೂ ಇದೆ. ಅಡ್ಡಕ್ಕೆ 13 ಮನೆ, ಉದ್ದಕ್ಕೆ 13 ಮನೆ. ಇಟ್ಟಿಗೆ, ಕಬ್ಬಿಣ, ನೀರು, ಗಿಡ, ಮಂಜುಗಡ್ಡೆ. ತಮ್ಮ ನಡುವೆ ಅಡ್ಡಲಾಗಿ ನೀರು ಹಾಕಿ, "ಇದು ಹೊಳಿ" ಅಂದ. ಒಂದು ಮನೆ ಖಾಲಿ ಬಿಟ್ಟು, "ಇದು ಕಂಪ್ಲಿ ಸೇತುವೆ" ಅಂದ. ಈ ದಡದಲ್ಲಿ ಗಿಡ ಹಾಕಿ ಭತ್ತದ ಗದ್ದೆ ಮಾಡಿದ. ಟ್ಯಾಂಕ್ ನೀರು ದಾಟಲಾರದು, ಗುಂಡು ದಾಟುತ್ತದೆ. ಹಾಗಾಗಿ ಶತ್ರು ಬರೋಕೆ ಸೇತುವೆ ಒಂದೇ ದಾರಿ. ಅಲ್ಲಿ ನಾನು ಕಾಯುತ್ತಿದ್ದೆ. ಆದರೆ ಕರೆಂಟ್ ಹೋದರೆ ನಕ್ಷೆ ಉಳಿಯುವುದಿಲ್ಲ. ಮತ್ತೆ ಮೊದಲಿನಿಂದ ಕಟ್ಟಬೇಕು. ಅದಕ್ಕೆ ಗಣಿತದ ಗ್ರಾಫ್ ಹಾಳೆಯಲ್ಲಿ 13 ಮನೆ ಎಣಿಸಿ, ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡೆವು.

ಇನ್ನು ಬಾಳಿಕೆ. ಮೊದಲ ವರ್ಷವೇ ಅಡಾಪ್ಟರ್ ಸುಟ್ಟಿತು. ಎರಡು ಗಂಟೆ ಆಡಿದರೆ ಸೆಟ್‌ನ ಬೆನ್ನು ಕಾಯುತ್ತಿತ್ತು. ಒಳಗೆ ಬರೋ 9 ವೋಲ್ಟ್ ಅನ್ನು 5ಕ್ಕೆ ಇಳಿಸೋ 7805 ಅನ್ನೋ ಸಣ್ಣ ಬಿಡಿಭಾಗ ಉಳಿದ ವೋಲ್ಟನ್ನೆಲ್ಲ ಶಾಖ ಮಾಡಿಬಿಡುತ್ತದೆ. 2003ರಲ್ಲಿ ಅದೂ ಹೋಯಿತು. ಟಿವಿ ರಿಪೇರಿಯವರು ಇಪ್ಪತ್ತು ರೂಪಾಯಿಗೆ ಹಾಕಿಕೊಟ್ಟರು, ಬೆನ್ನಿಗೆ ಅಲ್ಯೂಮಿನಿಯಂ ತುಂಡನ್ನೂ ಕೂರಿಸಿದರು. ಆಮೇಲೆ ಇವತ್ತಿನವರೆಗೂ ಕೆಟ್ಟಿಲ್ಲ. ಅಪ್ಪ ಅಂಗಡಿಯಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ರಿಮೋಟಿನ ಒಳಗಿನ ರಬ್ಬರ್ ಮೂರು ಸಲ ಬದಲಾಗಿದೆ.

ನಮ್ಮೂರಲ್ಲಿ ಮಿಲ್‌ಗಳಿಂದ ಹೊಟ್ಟಿನ ಧೂಳು ಜಾಸ್ತಿ. ಕ್ಯಾಸೆಟ್ ಬರದಿದ್ದರೆ ಊದಿ ಹಾಕುತ್ತಿದ್ದೆವು, ಎಲ್ಲರೂ ಹಾಗೇ ಮಾಡುತ್ತಿದ್ದರು ಅಲ್ವಾ? ಅದು ತಪ್ಪು. ಉಸಿರಿನ ತೇವಕ್ಕೆ ತಾಮ್ರದ ಪಟ್ಟಿ ಕ್ರಮೇಣ ಕಿಲುಬು ಹಿಡಿಯುತ್ತದೆ. ಪೆನ್ಸಿಲ್ ಅಳಿಸೋ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಸಾಕು.

ಗನ್ ಮಾತ್ರ ಈಗ ಉಪಯೋಗಕ್ಕಿಲ್ಲ. ಡಕ್ ಹಂಟ್ ಅನ್ನೋ ಬಾತುಕೋಳಿ ಹೊಡೆಯೋ ಆಟದಲ್ಲಿ ಗನ್ನಿನ ಕುದುರೆ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇರೋ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಆ ಬೆಳಕು ಬಿದ್ದರೆ ಗುರಿ ಸರಿ. ಹಳೇ ಡಬ್ಬಾ ಟಿವಿಯಲ್ಲಿ ಇದು ಕ್ಷಣಕ್ಕೆ ಸರಿಯಾಗಿ ನಡೆಯುತ್ತದೆ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರೋದರಿಂದ ಒಂದು ಹಕ್ಕಿಯೂ ಬೀಳುವುದಿಲ್ಲ. ನಮ್ಮ ಡಬ್ಬಾ ಟಿವಿಯನ್ನು ಮನೆ ಬದಲಾಯಿಸುವಾಗ ಗುಜರಿಗೆ ಕೊಟ್ಟೆವು. ಅದಕ್ಕೆ ಈಗಲೂ ಬೇಜಾರಿದೆ.

ಎರಡು ವರ್ಷದ ಹಿಂದೆ ಬಳ್ಳಾರಿಯಲ್ಲಿ ಮಾವನ ಮಗ ತನ್ನ ಸೆಗಾ ತೆಗೆದ. ಒಂದೂ ರಿಪೇರಿ ಇಲ್ಲದೆ ನಡೆಯುತ್ತಿದೆ. ಸೆಗಾ ಕಂಪನಿ 2001ರಲ್ಲೇ ಗೇಮ್ ಯಂತ್ರ ಮಾಡೋದು ನಿಲ್ಲಿಸಿತು, ಇದು ಇನ್ನೂ ಹೊಸದರ ಹಾಗೆ. ಒಂದು ಗಂಟೆ ಸೋನಿಕ್ ಆಡಿದೆ. ಎಷ್ಟು ಚೆಂದದ ಆಟ ಅದು! ಯಂತ್ರ ಅಂತ ನೋಡಿದರೆ ಸೆಗಾನೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ನನ್ನದಕ್ಕೆ 5ಕ್ಕೆ 3 ಕೊಡುತ್ತೇನೆ. ಆದರೆ ಆ ಗಂಟೆಯಲ್ಲಿ ತಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಆಮೇಲೆ ಅವನು ಆಡಿದ, ನಾನು ನೋಡಿದೆ. ಸೆಗಾ ತಂದಿದ್ದರೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹಾಗೇ ಆಗುತ್ತಿತ್ತು. ಇವತ್ತು ಅದೇ ಅಂಗಡಿಯಲ್ಲಿ ಅಪ್ಪ ಕೇಳಿದರೂ ನಾನು ಅದೇ ಸೆಟ್ ತೋರಿಸುತ್ತೇನೆ.

ಈಗ ಅದು ಮಗಳ ಕೈಯಲ್ಲಿದೆ. ಡಬ್ಬದ ತಳದಲ್ಲಿ ಎರಡು ಗ್ರಾಫ್ ಹಾಳೆ ಸಿಕ್ಕವು. ಒಂದನ್ನು ನೋಡಿಕೊಂಡು ಅವಳು ನಕ್ಷೆ ಕಟ್ಟಿದಳು. ಎರಡನೆಯದರಲ್ಲಿ ಈ ದಡದಿಂದ ಆ ದಡಕ್ಕೆ ಪೂರ್ತಿ ನೀರು.

"ಇದರಾಗ ಸೇತುವೆನೇ ಇಲ್ಲಲ್ಲವ್ವಾ?"

ಹಾಳೆ ತಿರುಗಿಸಿ ತೋರಿಸಿದೆ. ಹಿಂದೆ ತಮ್ಮನ ಅಕ್ಷರದಲ್ಲಿ ಬರೆದಿತ್ತು: ಡ್ಯಾಮ್ ನೀರು ಬಿಟ್ಟಾಗ.

ದಸರೆಗೆ ಅವನು ಬರುತ್ತಾನೆ. ಎರಡನೇ ರಿಮೋಟಿಗೆ ಹೊಸ ರಬ್ಬರ್ ಹಾಕಿಸಿಟ್ಟಿದ್ದೇನೆ.