ಆಡಿನ ಕೊಟ್ಟಿಗೆಗೆ ಮೂರು ಹಂತದ ಅಟ್ಟ: ಕಲಬುರಗಿಯ ಬೇಸಿಗೆಯಲ್ಲಿ ಕಂಡದ್ದು

ಹಾಲಿನ ಆಡುಗಳನ್ನು ಬಯಲಿಗೆ ಬಿಡದೆ ಕೊಟ್ಟಿಗೆಯಲ್ಲೇ ಸಾಕುವವರಿಗೆಂದು ಮಾರುತ್ತಿರುವ ಈ ಸೆಟ್ಟಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಹಲಗೆ ಜೋಡಿಸಿದ ಮೂರು ಹಂತದ ಅಟ್ಟ, ಗೋಡೆಗೆ ಬಿಗಿಯುವ ಬ್ರಷ್, ಸೊಪ್ಪು ತುಂಬುವ ತೂಗುಜಾಲರಿ ಮತ್ತು ಸರಪಳಿಗೆ ಕಟ್ಟಿದ ಪ್ಲಾಸ್ಟಿಕ್ ಚೆಂಡು ಇವೆ. ಬಂಡೆ ಹತ್ತುವುದು, ಹಿಂಗಾಲ ಮೇಲೆ ನಿಂತು ಕೊಂಬೆ ಜಗ್ಗುವುದು, ಮೈ ಉಜ್ಜಿಕೊಳ್ಳುವುದು ಆಡಿನ ಹುಟ್ಟುಗುಣ. ಅದಕ್ಕೆ ಆಸ್ಪದವಿಲ್ಲದಿದ್ದರೆ ಅವು ಮರದ ಗೂಟ ಕಡಿಯುತ್ತವೆ, ಒಂದನ್ನೊಂದು ಹಾಯುತ್ತವೆ. ಆದ್ದರಿಂದ ಸೆಟ್ಟಿನ ಉದ್ದೇಶ ಸರಿಯಾಗಿದೆ. ಆದರೆ ರೂಪಿಸಿದವರು ನಮ್ಮ ಕಡೆಯ ಮೇ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಅಟ್ಟದಿಂದ ಆದ ದೊಡ್ಡ ಲಾಭ ಬಡ ಆಡುಗಳಿಗೆ. ಉಸ್ಮಾನಾಬಾದಿ ಮತ್ತು ಬೀಟಲ್ ತಳಿಗಳನ್ನು ಒಟ್ಟಿಗೆ ಕೂಡಿಹಾಕಿರುವ ನಮ್ಮ ಕೊಟ್ಟಿಗೆಯಲ್ಲಿ ಕೊಂಬಿನ ಜೋರಿನವು ಒಳ್ಳೆಯ ಜಾಗವನ್ನೆಲ್ಲ ಹಿಡಿದುಕೊಂಡು, ಉಳಿದವುಗಳನ್ನು ಗಂಜಲದ ಒದ್ದೆಗೆ ತಳ್ಳುತ್ತಿದ್ದವು. ಈಗ ಹಾಯಿಸಿಕೊಂಡ ಆಡು ಒಂದು ಹಂತ ಮೇಲಕ್ಕೆ ನೆಗೆದು, ಅಲ್ಲೇ ಒಣ ಹಲಗೆಯ ಮೇಲೆ ಮಲಗಿ ಮೆಲುಕು ಹಾಕುತ್ತದೆ. ಹಾಲು ಕರೆಯುವ ಆಡಿಗೆ ಒಣ ನೆಲ ಸಿಕ್ಕಿದರೆ ಕೆಚ್ಚಲು ಬಾವಿನ ಭಯವೂ ಕಡಿಮೆ.

ತೊಂದರೆ ಇರುವುದು ಮೂರನೆಯ ಹಂತದಲ್ಲಿ. ಅದು ತಗಡಿನ ಮಾಡಿಗೆ ಎಷ್ಟು ಹತ್ತಿರ ಬರುತ್ತದೆಂದರೆ, ಮಧ್ಯಾಹ್ನ ಅಲ್ಲಿ ಕೈ ಎತ್ತಿ ಹಿಡಿದರೆ ಕಾವು ಚುರುಗುಟ್ಟುತ್ತದೆ. ವಿಶ್ರಾಂತಿಯಲ್ಲಿರುವ ಆಡು ನಿಮಿಷಕ್ಕೆ ಸುಮಾರು 15ರಿಂದ 30 ಬಾರಿ ಉಸಿರಾಡುತ್ತದೆ. ಬಿಸಿಲೇರಿದ ಮೇಲೆ ಅಲ್ಲಿ ಕುಳಿತದ್ದರ ಪಕ್ಕೆ ಎಣಿಸಲಾಗದಷ್ಟು ಬೇಗ ಬಡಿಯುತ್ತಿತ್ತು, ಬಾಯಿ ತೆರೆದಿತ್ತು. ಬೇಗನೆ ಎಲ್ಲವೂ ಇಳಿದು, ಅಟ್ಟದ ಅಡಿಯ ನೆರಳಿಗೆ ನುಗ್ಗಲು ನೋಡಿದವು. ಕೆಳಗಿನ ಹಂತ ಒಂದೇ ಅಡಿ ಎತ್ತರವಿರುವುದರಿಂದ ಅಲ್ಲಿಗೆ ಮರಿಗಳು ಮಾತ್ರ ನುಸುಳಬಲ್ಲವು. ತಗಡಿಗೆ ಸುಣ್ಣ ಬಳಿದು, ಮೇಲೆ ಜೋಳದ ಕಣಿಕೆ ದಪ್ಪವಾಗಿ ಹೊದಿಸಿದ ಮೇಲಷ್ಟೇ ಮೇಲಿನ ಹಂತ ಹಗಲಿನಲ್ಲಿ ಬಳಕೆಗೆ ಬಂತು. ಆ ಖರ್ಚಿನ ಮಾತು ಮಾರುವವರ ಕೈಪಿಡಿಯಲ್ಲಿಲ್ಲ.

ಸೆಟ್ಟಿನಲ್ಲಿ ನಿಜವಾಗಿ ಬೆಲೆ ಬಾಳುವುದು ಜಾಲರಿ. ಅಗಸೆ, ನುಗ್ಗೆ, ಸುಬಾಬುಲ್ ಸೊಪ್ಪನ್ನು ಎದೆಮಟ್ಟಕ್ಕಿಂತ ಮೇಲೆ ಕಟ್ಟಿದರೆ ಆಡುಗಳು ಕತ್ತು ಚಾಚಿ, ಆರಿಸಿ ಆರಿಸಿ ತಿನ್ನುತ್ತವೆ. ಮೇವು ಹಿಕ್ಕೆಗೆ ತಾಗದ ಕಾರಣ ಜಂತುಹುಳದ ಕಾಟವೂ ತಗ್ಗುತ್ತದೆ. (ಸುಬಾಬುಲ್ ಒಂದನ್ನೇ ಹಾಕಬಾರದು, ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶ ಹೆಚ್ಚಾದರೆ ಕೂದಲು ಉದುರುತ್ತದೆ.) ಹೊಟ್ಟೆಯಲ್ಲಿ ಮೇವು ಕರಗುವಾಗಲೂ ಕಾವು ಹುಟ್ಟುವುದರಿಂದ ಬೇಸಿಗೆಯಲ್ಲಿ ಜಾಲರಿಯನ್ನು ನಸುಕಿನಲ್ಲಿ ಮತ್ತು ಸಂಜೆ ತುಂಬುವುದು ಒಳ್ಳೆಯದು. ಜಾಲರಿಯ ಕಣ್ಣುಗಳ ಅಗಲ ಮಾತ್ರ ಮರಿಯ ತಲೆ ಸಿಕ್ಕಿಕೊಳ್ಳುವಷ್ಟಿದೆ. ಮರಿಗಳಿರುವ ಕಡೆ ಇನ್ನೂ ಎತ್ತರಕ್ಕೆ ಕಟ್ಟಬೇಕು.

ಬ್ರಷ್ ಪರವಾಗಿಲ್ಲ. ಆಡುಗಳು ಸರದಿಗೆ ಕಾದು ಬೆನ್ನು ಉಜ್ಜಿಕೊಳ್ಳುತ್ತವೆ, ಆದರೆ ಹಿಂಡಿನಲ್ಲಿ ಒಂದಕ್ಕೆ ಕಜ್ಜಿ ಕಂಡರೂ ಕೂಡಲೇ ಬಿಚ್ಚಿಡಬೇಕು. ಚೆಂಡನ್ನು ಮೂಸಿ ನೋಡಿ ಬಿಟ್ಟವು, ಅಷ್ಟೇ.

ಇಡೀ ಸೆಟ್ಟಿಗೆ ಕೇಳುವ ಬೆಲೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಶಹಾಬಾದ್ ಕಲ್ಲು ಸಿಗುವ ನಮ್ಮಂಥ ಕಡೆ ಎರಡು ಹಂತದ ಕಟ್ಟೆ ಕಟ್ಟಿಸಿ, ಜಾಲರಿಯನ್ನು ಮಾತ್ರ ಬಿಡಿಯಾಗಿ ಕೊಳ್ಳುವುದು ಲೇಸು. ಅಟ್ಟವನ್ನೇ ಕೊಳ್ಳುವವರು ಮೂರನೆಯ ಹಂತ ಬೇಡವೆಂದು ಹೇಳಿ, ಕೆಳಗಿನದನ್ನು ದೊಡ್ಡ ಆಡು ಅಡಿಯಲ್ಲಿ ಮಲಗುವಷ್ಟು ಎತ್ತರಿಸಿ, ಹತ್ತಲು ನಡುವೆ ಒಂದು ಮೆಟ್ಟಿಲು ಹಾಕಿಸಿಕೊಳ್ಳಲಿ. ಹಲಗೆಯ ಅಂಚಿನಲ್ಲಿ ಹೊರಚಾಚಿರುವ ಬೋಲ್ಟುಗಳು ಜೋತ ಕೆಚ್ಚಲಿಗೆ ಗೀರುವುದರಿಂದ ಅವುಗಳನ್ನು ಜೋಡಿಸುವ ದಿನವೇ ಕತ್ತರಿಸಿ ಉಜ್ಜಿಸಬೇಕು.