ನೋಡೋಕೆ ಅಸಲಿ, ನುಡಿಸೋಕೆ ಡಬ್ಬಾ: ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಮಾಡಿಸುವವರು ಓದಿ

ಹಳೇ ಡ್ರಮ್ ಸೆಟ್ಟನ್ನು ಎಲೆಕ್ಟ್ರಾನಿಕ್ ಮಾಡಿಕೊಡ್ತೀವಿ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಮರದ ಶೆಲ್, ಅಂದರೆ ಡ್ರಮ್ಮಿನ ಒಡಲು, ಹಾಗೇ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಹೆಡ್ ತೆಗೆದು ಬಲೆಯಂಥ ಮೆಶ್ ಹೆಡ್ ಬಿಗಿಯುತ್ತಾರೆ, ಒಳಗೆ ಪೀಜೋ ಸೆನ್ಸಾರ್ ಕೂರಿಸುತ್ತಾರೆ. ಪೆಟ್ಟು ಬಿದ್ದರೆ ಪೀಜೋದಿಂದ ಸಣ್ಣ ವೋಲ್ಟೇಜ್ ಹೊರಡುತ್ತದೆ. ಮಾಡ್ಯೂಲ್ ಅನ್ನೋ ಪೆಟ್ಟಿಗೆ ಅದನ್ನು ಅಳೆದು ಅದಕ್ಕೆ ತಕ್ಕ ಶಬ್ದ ಕೊಡುತ್ತದೆ. ವಿದ್ಯೆ ಸುಳ್ಳಲ್ಲ. 1997ರಲ್ಲಿ ರೋಲ್ಯಾಂಡ್ ಕಂಪನಿ ಟಿಡಿ-10 ಮಾಡ್ಯೂಲಿನ ಜೊತೆ ಮೆಶ್ ಹೆಡ್ ತಂದಾಗಿನಿಂದ ಇದು ನಡೆದುಕೊಂಡು ಬಂದಿದೆ. ಅದೇ ಕಂಪನಿ 2020ರಲ್ಲಿ ದೊಡ್ಡ ಶೆಲ್ಲಿನ ವಿಎಡಿ ಸರಣಿ ಬಿಟ್ಟ ಮೇಲಂತೂ ಎಲ್ಲರಿಗೂ "ಅಸಲಿ ಥರ ಕಾಣೋ" ಕಿಟ್ಟೇ ಬೇಕು. ನನಗೂ ಬೇಕಿತ್ತು. ಆ ದೊಡ್ಡ ಕಂಪನಿಯ ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ, ಅಷ್ಟೇ.

ಶಿವಮೊಗ್ಗದಲ್ಲಿ ಗಣಪತಿ ಹಬ್ಬ ಬಂತು ಅಂದರೆ ರಸಮಂಜರಿ ಕಾರ್ಯಕ್ರಮಗಳು ಶುರು. ಅದಕ್ಕೆ ಮುಂಚಿನ ಮಳೆಗಾಲವಿಡೀ ನಮಗೆ ಪ್ರಾಕ್ಟೀಸ್ ಕಾಲ. ಒತ್ತೊತ್ತಾಗಿ ಮನೆ ಇರುವ ಬಡಾವಣೆಯಲ್ಲಿ ನಿಜವಾದ ಡ್ರಮ್ ಬಾರಿಸಿದರೆ ಪಕ್ಕದ ಮನೆಯವರು ಎಷ್ಟು ದಿನ ತಾನೇ ಸುಮ್ನಿರ್ತಾರೆ? ಹಾಗಾಗಿ ಬೆಂಗಳೂರು ಕಡೆಯ ಒಬ್ಬರಿಗೆ ಆರ್ಡರ್ ಕೊಟ್ಟೆ. ಹೆಸರು ಇಲ್ಲಿ ಬೇಡ. ಅವರು ಹಾಕಿದ್ದ ವಿಡಿಯೋ ಮಾತ್ರ ಭರ್ಜರಿ. ಕಾಲಲ್ಲಿ ಪೆಡಲ್ ಒತ್ತಿ ಬಾರಿಸುವ 22 ಇಂಚಿನ ಕಿಕ್ ಡ್ರಮ್, ಕೆಂಪು ಸ್ಪಾರ್ಕಲ್ ಹೊದಿಕೆ, ಹೊಳೆಯುವ ಕ್ರೋಮ್ ಲಗ್. ಸದ್ದು ಕೇಳಿದರೆ ಸ್ಟುಡಿಯೋ ಡ್ರಮ್ಮೇ. ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಹೇಳಿದರು, ಅರ್ಧ ಮುಂಗಡ. ಪಾರ್ಸೆಲ್ ಬಂದಾಗ ಉಳಿದರ್ಧ ಕೊಟ್ಟ ಮೇಲೇ ಮಾಲು ಕೈಗೆ ಬಂತು.

ಜೋಡಿಸಿ ನಿಲ್ಲಿಸಿದಾಗ ಮನೆಗೆ ಬಂದವರೆಲ್ಲ ಫೋಟೋ ತೆಗೆಸಿಕೊಂಡರು. ನುಡಿಸೋಕೆ ಕೂತ ಮೇಲೆ ಬಣ್ಣ ಬಯಲಾಯಿತು.

ಮೊದಲು ಸ್ನೇರ್, ಅಂದರೆ ಚುರುಕು ಸದ್ದಿನ ಮುಖ್ಯ ಡ್ರಮ್. ಜೋರಾಗಿ ಹೊಡೆದರೆ ಸರಿ. ಮೆಲ್ಲಗೆ ಬೆರಳ ತುದಿಯಲ್ಲಿ ಆಡಿಸುವ ಗೋಸ್ಟ್ ನೋಟ್ ಕೇಳಿಸುವುದೇ ಇಲ್ಲ. ಕೇಳಲಿ ಅಂತ ಸೆನ್ಸಿಟಿವಿಟಿ ಏರಿಸಿದರೆ ಒಂದು ಪೆಟ್ಟಿಗೆ ಎರಡೆರಡು ಸದ್ದು. ಸರಿಯಾಗಿ ನಡುಮಧ್ಯಕ್ಕೆ ಬಿದ್ದರೆ ಕಿವಿ ಕಿತ್ತುಹೋಗುವ ಸದ್ದು, ಒಂದೆರಡು ಇಂಚು ಪಕ್ಕಕ್ಕೆ ಬಿದ್ದರೆ ಅರ್ಧಕ್ಕರ್ಧ ಕಡಿಮೆ. ಎಡೆಬಿಡದೆ ಬಾರಿಸಿ ರೋಲ್ ಹಾಕಿದರೆ ಒಂದೇ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ಒಂದೇ ಸದ್ದು, ಟಟಟಟ ಅಂತ ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಕಂಪ್ಯೂಟರಿನ ಜೊತೆ ಮಾತಾಡುವ ಮಿಡಿ ಲೆಕ್ಕದಲ್ಲಿ ಪೆಟ್ಟಿನ ಜೋರಿಗೆ 1ರಿಂದ 127ರವರೆಗೆ ಮಟ್ಟಗಳಿವೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ನನ್ನ ಸ್ನೇರಿನಿಂದ ಬರುತ್ತಿದ್ದದ್ದು ಒಂದೋ 30ರ ಆಸುಪಾಸು, ಇಲ್ಲಾ ಸೀದಾ 127. ನಡುವೆ ಏನೂ ಇಲ್ಲ ಅನ್ನಬಹುದು.

ಫೋನ್ ಮಾಡಿದೆ. "ಸೆಟ್ಟಿಂಗ್ ಸರ್, ಸೆಟ್ಟಿಂಗ್ ಮಾಡ್ಕೊಳ್ಳಿ" ಅಂದರು. ಎಲ್ಲದಕ್ಕೂ ಅದೇ ಉತ್ತರ.

ಸೆಟ್ಟಿಂಗಿನಿಂದ ಸರಿಯಾಗುವಂಥದ್ದು ಇದೆ, ಇಲ್ಲ ಅನ್ನಲ್ಲ. ಥ್ರೆಶೋಲ್ಡ್ ಅಂದರೆ ಎಷ್ಟು ಮೆಲ್ಲಗಿನ ಪೆಟ್ಟಿನವರೆಗೆ ಲೆಕ್ಕಕ್ಕೆ ತಗೋಬೇಕು ಅನ್ನೋದು. ಮಾಸ್ಕ್ ಟೈಮ್ ಅಂದರೆ ಒಂದು ಪೆಟ್ಟಾದ ಮೇಲೆ ಎಷ್ಟು ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಬೇಕು ಅನ್ನೋದು. ಇವೆಲ್ಲ ತಿದ್ದಿ ನೋಡಿಯೂ ಬಗ್ಗಲಿಲ್ಲ. ಕೊನೆಗೆ ಸ್ನೇರಿನ ಮೆಶ್ ಬಿಚ್ಚಿದೆ. ಒಳಗೆ ಅಡ್ಡಕ್ಕೆ ಒಂದು ಅಲ್ಯೂಮಿನಿಯಂ ಪಟ್ಟಿ. ಅದರ ಮೇಲೆ 27 ಮಿಲಿಮೀಟರ್ ಪೀಜೋ ಬಿಲ್ಲೆ, ಗ್ಲೂ ಗನ್ನಿನಲ್ಲಿ ಮೆತ್ತಿದ್ದು. ಬಿಡಿಯಾಗಿ ಕೊಂಡರೆ ಹತ್ತಿಪ್ಪತ್ತು ರೂಪಾಯಿಯ ಮಾಲು, ಅದೇನೂ ತಪ್ಪಲ್ಲ, ಒಳ್ಳೆಯ ಕಿಟ್‌ಗಳಲ್ಲೂ ಇರೋದು ಇಂಥದ್ದೇ. ಅದರ ಮೇಲಿದ್ದದ್ದು ನೋಡಿ ನಗು ಬಂತು. ಮೆಶ್‌ನ ಪೆಟ್ಟನ್ನು ಪೀಜೋಗೆ ಮುಟ್ಟಿಸುವ ಕೋನ್ ಆಕಾರದ ಗಟ್ಟಿ ಫೋಮ್ ಇರಬೇಕಾದ ಕಡೆ ಪಾತ್ರೆ ತೊಳೆಯುವ ಸ್ಪಂಜಿನ ಚೌಕ ತುಂಡು. ಒಂದು ಮೂಲೆಯಲ್ಲಿ ಹಸಿರು ನಾರು ಇನ್ನೂ ಅಂಟಿಕೊಂಡಿತ್ತು. ಇಂಥ ಸ್ಪಂಜು ಪೆಟ್ಟು ತಿಂದು ತಿಂದು ಕುಗ್ಗುತ್ತದೆ, ಕುಗ್ಗಿದರೆ ಮೆಶ್‌ಗೆ ತಾಗುವುದೇ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ ಕೆಡುತ್ತದೆ. ಪೀಜೋ ತಂತಿಯ ಬೆಸುಗೆ ಹತ್ತಿರ ಅಲುಗದ ಹಾಗೆ ಕಟ್ಟಿರಲಿಲ್ಲ. ನಾನು ಮುಟ್ಟಿದ್ದೇ ತಡ, ಕಿತ್ತು ಬಂತು.

ಸ್ನೇರ್ ಆದರೂ ರಿಪೇರಿ ಆಗುವಂಥದ್ದು. ಕೆಲವು ತಾಪತ್ರಯ ರಿಪೇರಿಗೇ ಬಗ್ಗುವಂಥದ್ದಲ್ಲ. ತಾಳ ನಡೆಸುವ ದೊಡ್ಡ ತಟ್ಟೆ ರೈಡ್ ಸಿಂಬಲ್ಲಿನ ಬೆಲ್ ಮೇಲೆ, ಅಂದರೆ ನಡುವಿನ ಉಬ್ಬಿನ ಮೇಲೆ, ಎಷ್ಟೇ ಹೊಡೆದರೂ ಅಂಚಿನ ಸದ್ದೇ ಬರುತ್ತಿತ್ತು. ಕಾರಣ ಗೊತ್ತಾಗೋಕೆ ಬಹಳ ತಲೆ ಕೆಡಿಸಿಕೊಂಡೆ. ಬೆಲ್, ಮೈ, ಅಂಚು ಅಂತ ಮೂರು ಭಾಗದ ಸಿಂಬಲ್‌ಗೆ ಯಮಾಹಾ ಪದ್ಧತಿಯಲ್ಲಿ ಒಂದೇ ಸ್ಟೀರಿಯೋ ಕೇಬಲ್ ಸಾಕು, ಒಳಗಿನ ರೆಸಿಸ್ಟರುಗಳಿಂದ ಯಾವ ಭಾಗ ಅಂತ ಮಾಡ್ಯೂಲ್ ಪತ್ತೆ ಹಚ್ಚುತ್ತದೆ. ರೋಲ್ಯಾಂಡಿನ ಹಳೆಯ ಮಾಡ್ಯೂಲುಗಳಲ್ಲಿ ಬೆಲ್‌ಗೆ ಬೇರೆ ಕೇಬಲ್, ಬೇರೆ ಇನ್‌ಪುಟ್. ನನಗೆ ಬಂದ ಸಿಂಬಲ್ ಒಂದು ಜಾತಿ, ಮಾಡ್ಯೂಲ್ ಇನ್ನೊಂದು ಜಾತಿ. ಕಾಲಿನ ಪೆಡಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್ ಹೈ-ಹ್ಯಾಟ್, ಅದರ ಕತೆಯೂ ಹೀಗೇ. ಪೆಡಲ್ ಕಂಟ್ರೋಲರ್ ಎಲ್ಲ ಬ್ರ್ಯಾಂಡಿನದ್ದೂ ಎಲ್ಲ ಮಾಡ್ಯೂಲಿಗೂ ಹೊಂದುವುದಿಲ್ಲ. ನನ್ನದರಲ್ಲಿ ಪೂರ್ತಿ ಮುಚ್ಚಿದ್ದು, ಪೂರ್ತಿ ತೆರೆದದ್ದು, ಎರಡೇ ಸದ್ದು. ಅರ್ಧ ತೆರೆದು ಶ್ಯಾ ಶ್ಯಾ ಅನ್ನಿಸುವುದು ಆಗಲ್ಲ ಅಂದರೆ ಸಿನಿಮಾ ಹಾಡು ನುಡಿಸೋದು ಹೇಗೆ ಹೇಳಿ. ಅಸಲಿತನ ಇರೋದೇ ಅಲ್ಲಿ, ಕೆಂಪು ಹೊದಿಕೆಯಲ್ಲಿ ಅಲ್ಲ.

ಮಾಡ್ಯೂಲಿನ ಮಾತು ಬಂತಲ್ಲ. ಅದು ಬಹಳ ಹಳೆಯದು, ಸೆಕೆಂಡ್ ಹ್ಯಾಂಡ್. ಆರ್ಡರ್ ಕೊಡುವಾಗ "ಬ್ರ್ಯಾಂಡೆಡ್ ಮಾಡ್ಯೂಲ್ ಸರ್" ಅಂದಿದ್ದರು, ಮಾಡೆಲ್ ನಂಬರ್ ಕೇಳಿದರೆ "ಒಳ್ಳೇದೇ ಹಾಕ್ತೀವಿ" ಅಂದಿದ್ದರು. ವಿಡಿಯೋದಲ್ಲಿ ಕೇಳಿದ ಸದ್ದು ಈ ಮಾಡ್ಯೂಲಿನದ್ದೇ ಅಲ್ಲ, ಕಂಪ್ಯೂಟರಿನಲ್ಲಿ ಓಡುವ ಡ್ರಮ್ ಸಾಫ್ಟ್‌ವೇರಿನದ್ದು ಅಂತ ಅವರ ಬಾಯಿಂದಲೇ ಆಮೇಲೆ ಬಂತು. ಅದನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಂತೆ. ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ, ಸದ್ದು ನಿಜವಾಗಿಯೂ ಚೆಂದ. ಆದರೆ ಒಳ್ಳೆಯ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಸದ್ದು ಒಳಗೆ-ಹೊರಗೆ ಮಾಡುವ ಪೆಟ್ಟಿಗೆ), ವಿಂಡೋಸ್ ಆದರೆ ತಡ ಕಡಿಮೆ ಮಾಡುವ ಎಎಸ್ಐಒ ಡ್ರೈವರ್ ಇಲ್ಲದಿದ್ದರೆ ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತದೆ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ತಡ ಅಂದರೆ ಡ್ರಮ್ಮು ಮೂರೂವರೆ ಮೀಟರ್ ಆಚೆ ಇದ್ದ ಹಾಗೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಇದರ ಹತ್ತುಪಟ್ಟು ಮೀರಿದರೂ ಆಶ್ಚರ್ಯವಿಲ್ಲ, ಅದರಲ್ಲಿ ನುಡಿಸೋ ಆಸೆ ಬಿಡಿ.

ಕಿಕ್ ಹೊಡೆದಾಗಲೆಲ್ಲ ಟಾಮ್ (ಮೇಲಿನ ಚಿಕ್ಕ ಡ್ರಮ್) ತಾನಾಗಿ ನುಡಿಯುತ್ತಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ಟಾಮ್ ಅನ್ನು ಕಿಕ್ ಮೇಲೆಯೇ ಕೂರಿಸಿದ್ದರು, ನಡುಕ ಕಂಬದಲ್ಲಿ ಹತ್ತಿ ಬರುತ್ತಿತ್ತು. ಬೇರೆ ಸ್ಟ್ಯಾಂಡಿಗೆ ಹಾಕಿದ ಮೇಲೆ ನಿಂತಿತು.

ಇನ್ನು "ಸದ್ದೇ ಇಲ್ಲ ಸರ್" ಅನ್ನೋ ಮಾತು. ಮೆಶ್ ಮೆತ್ತಗೆ ಹೌದು. ಕಿಕ್ ಪೆಡಲ್ ಮಾತ್ರ ನೆಲಕ್ಕೆ ದಬದಬ ಅನ್ನುತ್ತದೆ. ತೀರ್ಥಹಳ್ಳಿ ಕಡೆ ನಮ್ಮ ಮಾವನ ಮನೆಯ ಹಾಗೆ ಮರದ ಮುಚ್ಚಿಗೆ ಇರುವ ಮನೆಯಲ್ಲಿ ಉಪ್ಪರಿಗೆ ಮೇಲೆ ಇಟ್ಟರೆ ಕೆಳಗೆ ಮಲಗಿದವರು ಎದ್ದು ಕೂರುತ್ತಾರೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡು ಕೂರಿಸಿ ಅದರ ಮೇಲೆ ಕಿಟ್ ಇಡುವ ಉಪಾಯ ಇದೆ, ಬಹಳ ಜನ ಮಾಡುತ್ತಾರೆ, ಕೆಲಸ ಮಾಡುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಡುವ ನಮ್ಮೂರಲ್ಲಿ ಅಡಾಪ್ಟರನ್ನು ಸೀದಾ ಗೋಡೆಗೆ ಚುಚ್ಚಬೇಡಿ ಅನ್ನೋದನ್ನೂ ಅವರು ಹೇಳಲ್ಲ. ಚಿಕ್ಕ ಯುಪಿಎಸ್ ಇರಲಿ. ಜಾಕ್‌ಗಳಿಗೆ ತುಕ್ಕು ಹಿಡಿಯದ ಹಾಗೆ ಬಟ್ಟೆ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಈಗಲೂ ಮಾಡಿಸಲೇಬೇಕು ಅನ್ನುವವರಿಗೆ ನನ್ನ ಮಾತು ಇಷ್ಟು. ದುಡ್ಡನ್ನು ಮೊದಲು ಮಾಡ್ಯೂಲಿಗೆ ಹಾಕಿ, ಆಮೇಲೆ ಸ್ನೇರ್ ಮತ್ತು ಹೈ-ಹ್ಯಾಟಿಗೆ. ಟಾಮ್, ಶೆಲ್ಲು, ಹೊದಿಕೆ ಎಲ್ಲ ಕೊನೆಗೆ. ಮಾಡ್ಯೂಲಿನ ಮಾಡೆಲ್ ನಂಬರ್ ಬರೆದುಕೊಡದವರಿಗೆ ಒಂದು ರೂಪಾಯಿ ಮುಂಗಡವೂ ಬೇಡ. ಆ ನಂಬರಿನ ಮ್ಯಾನುಯಲ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಯಾವ ಇನ್‌ಪುಟ್ಟಿಗೆ ಯಾವ ಪ್ಯಾಡ್, ಅಂದರೆ ಯಾವ ಡ್ರಮ್ಮು ಅಥವಾ ಸಿಂಬಲ್, ಹೊಂದುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ಸಾಧ್ಯವಾದರೆ ಬಸ್ಸು ಹತ್ತಿ ಹೋಗಿ ಕೂತು ನುಡಿಸಿ. ಕೇಳಿಸಿಯೂ ಕೇಳಿಸದ ಹಾಗೆ ಶುರು ಮಾಡಿ ನಿಧಾನಕ್ಕೆ ಜೋರು ಮಾಡುತ್ತಾ ರೋಲ್ ಹಾಕಿ. ಹೈ-ಹ್ಯಾಟ್ ಪೆಡಲನ್ನು ಇಂಚಿಂಚಾಗಿ ಎತ್ತುತ್ತಾ ಹೊಡೆಯಿರಿ. ಕ್ರ್ಯಾಶ್ ಸಿಂಬಲ್ ಹೊಡೆದು ಕೈಯಲ್ಲಿ ಹಿಡಿದರೆ ಸದ್ದು ತಟ್ಟನೆ ನಿಲ್ಲುತ್ತದಾ ನೋಡಿ. ಒಂದು ಟಾಮ್ ಬಿಚ್ಚಿ ತೋರಿಸಿ ಅನ್ನಿ. ಮೂರು ನಿಮಿಷದ ಕೆಲಸ, ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಹೋಗೋಕೆ ಆಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಇಷ್ಟನ್ನೂ ಮಾಡಿಸಿ, ಸದ್ದು ಮಾಡ್ಯೂಲಿನಿಂದಲೇ ಸ್ಪೀಕರಿಗೆ ಹೋಗಿರಬೇಕು.

ಆಗಲೇ ನನ್ನ ಹಾಗೆ ಸಿಕ್ಕಿಬಿದ್ದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರ ಊರಿಗೆ ಅಲೆಯಬೇಕಿಲ್ಲ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನನಗೆ ಬಿಲ್ ಕೊಟ್ಟಿರಲಿಲ್ಲ. ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ, ಬಿಚ್ಚಿದ ಸ್ನೇರಿನ ಫೋಟೋ ಇಟ್ಟುಕೊಂಡೇ ದೂರು ತಯಾರಿ ಮಾಡಿದ್ದೇನೆ. ಮಾರಾಟದ ವಿಡಿಯೋವನ್ನು ಮಾತ್ರ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದೂರು ಕೊಡ್ತೀನಿ ಅಂತ ನಾನು ಮೆಸೇಜ್ ಹಾಕಿದ ಮೇಲೆ ಅದು ಅವರ ಪುಟದಿಂದ ಮಾಯವಾಯಿತು.